ದೂರದರ್ಶಕದ ಗಡಿಯಾರ ತಪ್ಪಿದರೆ ಹೇಳುವವರು ಯಾರು?

ದೂರದರ್ಶಕಕ್ಕೆ ಕನ್ನಡಿಯಷ್ಟೇ ಮುಖ್ಯವಾದದ್ದು ನಿಖರ ಗಡಿಯಾರ. ಭೂಮಿಯ ಆವರ್ತನೆಯಿಂದಾಗಿ ಆಕಾಶವು ಸೆಕೆಂಡಿಗೆ ಗರಿಷ್ಠ 15 ಆರ್ಕ್‌ಸೆಕೆಂಡ್‌ಗಳಷ್ಟು ಸರಿಯುತ್ತದೆ. ಗಡಿಯಾರ ಒಂದು ಸೆಕೆಂಡ್ ತಪ್ಪಿದರೆ ಗುರಿಯೂ ಅಷ್ಟೇ ತಪ್ಪುತ್ತದೆ. ಪಲ್ಸಾರ್‌ಗಳ ಅಧ್ಯಯನದಲ್ಲಂತೂ ಮೈಕ್ರೊಸೆಕೆಂಡಿನ ದೋಷವೂ ದುಬಾರಿ. ಅತಿ ದೀರ್ಘ ಗುರುತ್ವ ಅಲೆಗಳ ಕುರುಹು ಸಿಕ್ಕಿದೆಯೆಂದು 2023ರ ಜೂನ್‌ನಲ್ಲಿ ಪ್ರಕಟಿಸಿದ ತಂಡಗಳಲ್ಲಿ ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೊ ದೂರದರ್ಶಕವನ್ನು ಬಳಸಿದ ಭಾರತೀಯ ವಿಜ್ಞಾನಿಗಳೂ ಇದ್ದರು. ಆ ಸಾಧನೆಯ ತಳಹದಿಯೇ ಕಾಲದ ನಿಖರತೆ.

ಇಂಥ ನಿಖರ ಕಾಲವನ್ನು ವೀಕ್ಷಣಾಲಯಗಳು ಸಾಮಾನ್ಯವಾಗಿ ಅಮೆರಿಕದ ಜಿಪಿಎಸ್ ಉಪಗ್ರಹಗಳಿಂದ ಪಡೆಯುತ್ತವೆ. ರಿಸೀವರ್ ಸಂಪೂರ್ಣ ಸ್ಥಗಿತಗೊಂಡರೆ ಚಿಂತೆಯಿಲ್ಲ. ದೋಷ ತಕ್ಷಣ ಗೊತ್ತಾಗುತ್ತದೆ. ಹಸಿರು ದೀಪ ಉರಿಯುತ್ತಿರುವಾಗಲೇ ಅದು ತಪ್ಪು ಸಮಯ ಕೊಟ್ಟರೆ ಹಲವು ರಾತ್ರಿಗಳ ವೀಕ್ಷಣೆ ವ್ಯರ್ಥ.

ಆದ್ದರಿಂದ ತಪಾಸಣೆ ಚಾವಣಿಯಿಂದಲೇ ಆರಂಭವಾಗಬೇಕು. ಆಂಟೆನಾಕ್ಕೆ ಆಕಾಶ ಮುಕ್ತವಾಗಿ ಕಾಣುತ್ತಿದೆಯೇ, ಕೇಬಲ್ ಜೋಡಣೆಗಳಲ್ಲಿ ನೀರು ಸೇರಿದೆಯೇ ಎಂಬುದು ಮೊದಲ ಪ್ರಶ್ನೆ. ಸಾಮಾನ್ಯ ಕೇಬಲ್‌ನಲ್ಲಿ ಸಂಕೇತ ಪ್ರತಿ ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡ್ ತಡವಾಗುತ್ತದೆ. 100 ಮೀಟರ್ ಉದ್ದವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅರ್ಧ ಮೈಕ್ರೊಸೆಕೆಂಡ್ ಹೋಯಿತು. ನ್ಯೂಟ್ರಿನೊಗಳು ಬೆಳಕನ್ನೂ ಹಿಂದಿಕ್ಕಿದವೆಂದು 2011ರಲ್ಲಿ ಜಗತ್ತನ್ನು ಬೆರಗುಗೊಳಿಸಿದ ಇಟಲಿಯ ಒಪೆರಾ ಪ್ರಯೋಗದಲ್ಲಿ ಮುಖ್ಯ ತಪ್ಪಿತಸ್ಥನಾಗಿ ಸಿಕ್ಕಿದ್ದು, ಜಿಪಿಎಸ್ ರಿಸೀವರ್‌ನಿಂದ ಬಂದ, ಸರಿಯಾಗಿ ಬಿಗಿಯದ ಒಂದು ಕೇಬಲ್!

ಎರಡನೆಯ ಶಂಕಿತ, ರಿಸೀವರ್‌ನ ತಂತ್ರಾಂಶ. ಹಳೆಯ ಜಿಪಿಎಸ್ ಸಂದೇಶದಲ್ಲಿ ವಾರಗಳ ಎಣಿಕೆ 1024ಕ್ಕೆ ಮುಗಿದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 2019ರ ಏಪ್ರಿಲ್‌ನಲ್ಲಿ ಹೀಗಾದಾಗ, ನವೀಕರಿಸದ ಕೆಲವು ಉಪಕರಣಗಳು ಸುಮಾರು ಹತ್ತೊಂಬತ್ತೂವರೆ ವರ್ಷ ಹಿಂದಕ್ಕೆ ಜಿಗಿದವು. ನ್ಯೂಯಾರ್ಕ್ ನಗರಾಡಳಿತದ ನಿಸ್ತಂತು ಜಾಲವೂ ಆಗ ಕೆಟ್ಟಿತು. ಮುಂದಿನ ಸರದಿ 2038ರ ನವೆಂಬರ್.

ಇವೆರಡೂ ಸರಿಯಿದ್ದರೂ ನಿಶ್ಚಿಂತೆಯಿಲ್ಲ. 2016ರ ಜನವರಿ 26ರಂದು ಹಳೆಯ ಉಪಗ್ರಹವೊಂದನ್ನು ಸೇವೆಯಿಂದ ತೆಗೆಯುವಾಗ ಜಿಪಿಎಸ್ ವ್ಯವಸ್ಥೆಯೇ ಹಲವು ತಾಸು ಸುಮಾರು 13 ಮೈಕ್ರೊಸೆಕೆಂಡ್ ತಪ್ಪು ಕಾಲವನ್ನು ಬಿತ್ತರಿಸಿತು. ಅಂದು ಎಚ್ಚರಿಕೆ ಸಿಕ್ಕಿದ್ದು, ಹೋಲಿಸಿ ನೋಡಲು ಬೇರೊಂದು ಗಡಿಯಾರ ಇಟ್ಟುಕೊಂಡಿದ್ದವರಿಗೆ ಮಾತ್ರ.

ಪರಿಹಾರವೂ ಅಲ್ಲೇ ಇದೆ: ವೀಕ್ಷಣಾಲಯದಲ್ಲೇ ಒಂದು ರುಬಿಡಿಯಂ ಗಡಿಯಾರ, ಜೊತೆಗೆ ಬೇರೆ ಉಪಗ್ರಹ ಸಮೂಹದ ಸಾಕ್ಷ್ಯ. ಭಾರತದ ನಾವಿಕ್ ಈ ಸ್ಥಾನ ತುಂಬಬಲ್ಲದು. ಆದರೆ ಅದರ ಮೊದಲ ಉಪಗ್ರಹದ ಮೂರೂ ಆಮದು ಗಡಿಯಾರಗಳು ಕೈಕೊಟ್ಟವು. ಸ್ವದೇಶಿ ಗಡಿಯಾರ ಕಕ್ಷೆ ಸೇರಿದ್ದು 2023ರ ಮೇನಲ್ಲಿ. ಹಾಗಾಗಿ ನಾವಿಕ್ ಅನ್ನೂ ಏಕೈಕ ಸಾಕ್ಷಿಯಾಗಿ ನಂಬುವಂತಿಲ್ಲ.

ಇದು ಖಗೋಳಜ್ಞರ ಖಾಸಗಿ ತಲೆನೋವಲ್ಲ. ಮೊಬೈಲ್ ಜಾಲ, ವಿದ್ಯುತ್ ಜಾಲ, ಷೇರುಪೇಟೆಗಳೂ ಇದೇ ಉಪಗ್ರಹ ಕಾಲವನ್ನು ನೆಚ್ಚಿವೆ. ಒಂದೇ ಗಡಿಯಾರವನ್ನು ನಂಬಿದವರಿಗೆ, ಅದು ತಪ್ಪಿದೆಯೆಂದು ತಿಳಿಯುವ ದಾರಿಯೇ ಇರುವುದಿಲ್ಲ.