ಬೆಳಂಬಾರದ ದೋಣಿ ಮತ್ತು ಮುಂಬೈಯ ಪಾಠ

ಅಂಕೋಲಾ ತಾಲೂಕಿನ ಬೆಳಂಬಾರದ ಕಡಲತೀರದಲ್ಲಿ ನಿಂತವರಿಗೆ ನಗರ ಕಾಳಗದ ಮಾತು ದೂರದ್ದೆನಿಸಬಹುದು. ಆದರೆ ಇದೇ ಕರಾವಳಿಯ ಉತ್ತರಕ್ಕೆ, ಕಾರವಾರದ ಬಳಿ, 2005ರಲ್ಲಿ ಕಾರ್ಯಾರಂಭಗೊಂಡ ಕದಂಬ ನೌಕಾನೆಲೆಯಿದೆ. ಕಡಲಿಗಿಳಿಯುವ ಮೀನುಗಾರನಿಗೆ ಬೆರಳಚ್ಚಿನ ಗುರುತುಚೀಟಿ ಬಂದುದು 2008ರ ನವೆಂಬರ್ 26ರ ಮುಂಬೈ ದಾಳಿಯ ತರುವಾಯ.

ದಾಳಿಕೋರರು ಹತ್ತೇ ಮಂದಿ. ಕರಾಚಿಯಿಂದ ಹೊರಟವರು ನಡುಗಡಲಿನಲ್ಲಿ ‘ಕುಬೇರ್’ ಎಂಬ ಭಾರತೀಯ ಮೀನುಗಾರಿಕಾ ದೋಣಿಯನ್ನು ವಶಪಡಿಸಿಕೊಂಡರು. ಅದರಲ್ಲಿದ್ದ ಮೀನುಗಾರರೇ ಅವರ ಮೊದಲ ಬಲಿಗಳು. ತಾಜ್ ಹೋಟೆಲಿನ ಹೊಗೆಯಲ್ಲಿ ಈ ಬಡವರ ಸಾವು ಮರೆತೇ ಹೋಯಿತು. ಸುಮಾರು ಅರವತ್ತು ತಾಸು ನಡೆದ ಆ ಕ್ರೌರ್ಯ 166 ಜೀವಗಳನ್ನು ನುಂಗಿತು.

ಸೈನಿಕರು ಅಲ್ಲಿ ಕಲಿತದ್ದೇನು? ನೌಕಾಪಡೆಯ ಮಾರ್ಕೋಸ್ ಕಮಾಂಡೋಗಳು ರಾತ್ರಿಯೇ ಹೋಟೆಲು ಹೊಕ್ಕರು. ರಾಷ್ಟ್ರೀಯ ಭದ್ರತಾ ದಳವು ಹರಿಯಾಣದ ಮಾನೇಸರದಿಂದ ಹೊರಟು ಮುಂಬೈ ತಲುಪುವಾಗ ಮರುದಿನದ ಬೆಳಗು. ಈ ವಿಳಂಬವೇ 2009ರಲ್ಲಿ ಮುಂಬೈ, ಚೆನ್ನೈ, ಹೈದರಾಬಾದ್ ಮತ್ತು ಕೋಲ್ಕತಾಗಳಲ್ಲಿ ದಳದ ಕೇಂದ್ರಗಳನ್ನು ತೆರೆಯುವಂತೆ ಮಾಡಿತು. ಕೋಣೆ ಕೋಣೆಯಲ್ಲೂ ಅಮಾಯಕರಿರುವ ಕಟ್ಟಡದಲ್ಲಿ ಫಿರಂಗಿ ನಿರುಪಯುಕ್ತ. ಒಂದೊಂದು ಬಾಗಿಲನ್ನೂ ಮನುಷ್ಯನೇ ದಾಟಬೇಕು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಹಾಗೆ ದಾಟುತ್ತಲೇ ತಾಜ್‌ನಲ್ಲಿ ಪ್ರಾಣ ತೆತ್ತರು. ಪೊಲೀಸ್ ತುಕಾರಾಮ್ ಓಂಬ್ಳೆ ಬರಿಗೈಯಲ್ಲಿ ಬಂದೂಕನ್ನು ಹಿಡಿದು ಮಡಿದದ್ದರಿಂದ ಕಸಬ್ ಜೀವಂತ ಸಿಕ್ಕಿದ, ಸಂಚಿನ ಮೂಲ ಬಯಲಾಯಿತು. ಇನ್ನು ನಮ್ಮ ವಾಹಿನಿಗಳು! ಕಮಾಂಡೋಗಳ ಚಲನವಲನವನ್ನು ಅವು ನೇರವಾಗಿ ಬಿತ್ತರಿಸಿದವು, ಗಡಿಯಾಚೆಯ ಸೂತ್ರಧಾರರು ಅದನ್ನು ನೋಡುತ್ತ ದೂರವಾಣಿಯಲ್ಲಿ ಆಜ್ಞೆ ಕೊಟ್ಟರು. 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟುವಾಗಿ ಖಂಡಿಸಿತು.

ಇದರೊಂದಿಗೆ ಇರಾಕಿನ ಫಲ್ಲುಜಾವನ್ನು ಹೋಲಿಸಿ ನೋಡೋಣ. 2004ರ ನವೆಂಬರಿನಲ್ಲಿ ಅಮೆರಿಕದ ಸೇನೆ ಆ ನಗರವನ್ನು ಬಂಡುಕೋರರಿಂದ ಗೆದ್ದಿತು. ಜನರಲ್ಲಿ ಬಹುಪಾಲು ಊರು ತೊರೆದಿದ್ದರು. ಮನೆಗಳು ಸಾವಿರಗಟ್ಟಲೆ ಧ್ವಂಸವಾದವು. ಬಿಳಿ ರಂಜಕ ಬಳಸಿದ್ದನ್ನು ಮರುವರ್ಷ ಪೆಂಟಗನ್ ಒಪ್ಪಿಕೊಂಡಿತು. ಹತ್ತು ವರ್ಷ ತುಂಬುವ ಮೊದಲೇ, 2014ರ ಜನವರಿಯಲ್ಲಿ, ಅದೇ ನಗರ ಐಸಿಸ್‌ನ ವಶವಾಯಿತು. ಬೀದಿಗಳನ್ನು ಗೆದ್ದವರು ಜನರನ್ನು ಗೆದ್ದಿರಲಿಲ್ಲ.

ಮುಂಬೈಯ ಮುಸ್ಲಿಮರು ಅಂದು ತೋರಿದ ನಿಲುವನ್ನು ಇಲ್ಲಿ ನೆನೆಯಲೇಬೇಕು. ಸತ್ತ ಒಂಬತ್ತು ದಾಳಿಕೋರರ ಶವಗಳಿಗೆ ‘ಬಡಾ ಕಬ್ರಸ್ತಾನ್’ ಜಾಗ ನಿರಾಕರಿಸಿತು. ಅಮಾಯಕರನ್ನು ಕೊಂದವರು ನಮ್ಮವರಲ್ಲ ಎಂದು ಆ ಸಮುದಾಯ ಘೋಷಿಸಿದ್ದು ಯಾವ ಸೇನಾ ಕಾರ್ಯಾಚರಣೆಗೂ ಕಡಿಮೆಯದಲ್ಲ.

ಕರಾವಳಿಯ ಕಾವಲಿನಲ್ಲೂ ಜನರ ವಿಶ್ವಾಸವೇ ಮುಖ್ಯ. ಅಪರಿಚಿತ ದೋಣಿಯನ್ನು ರಾಡಾರಿಗಿಂತ ಮೊದಲು ಗುರುತಿಸಬಲ್ಲವನು ಅಲ್ಲಿಯೇ ಬಲೆ ಬೀಸುವವನು. ಅವನು ಹಿಂದೂವೋ ಮುಸ್ಲಿಮನೋ ಎಂದು ನೋಡಿ ತಪಾಸಣೆಯ ಬಿಗಿ ಬದಲಾಗಕೂಡದು. ನೌಕಾನೆಲೆಗೆಂದು ಭೂಮಿ ಬಿಟ್ಟುಕೊಟ್ಟ ಈ ಭಾಗದ ಕುಟುಂಬಗಳು ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದಿವೆ. ಕರಾವಳಿ ಭದ್ರತೆಯ ಸಭೆಗಳಲ್ಲಿ ಅಧಿಕಾರಿಗಳ ಪಕ್ಕದಲ್ಲಿ ಬೆಳಂಬಾರದಂತಹ ಊರುಗಳ ಮೀನುಗಾರರಿಗೂ ಒಂದು ಕುರ್ಚಿ ಇರಲಿ ಎಂದು ನಾವು ಜಿಲ್ಲಾಡಳಿತವನ್ನು ಕೇಳುತ್ತೇವೆ.