‘ಇನ್ನೊಂದ್ ಕೊಡ್ಲೇನ್ರಿ?’

ನಮ್ಮ ಕಡೆಯ ಖಾನಾವಳಿಯಲ್ಲಿ ಉಣ್ಣಲು ಕುಳಿತವರಿಗೆ ಈ ಮಾತು ಹೊಸದಲ್ಲ. ತಾಟಿನಲ್ಲಿ ಅರ್ಧ ರೊಟ್ಟಿ ಉಳಿದಿರುವಾಗಲೇ ಬಡಿಸುವಾಕೆ ಬುಟ್ಟಿ ಹಿಡಿದು ಬಂದು ನಿಲ್ಲುತ್ತಾಳೆ. ‘ಸಾಕ್ರಿ’ ಎಂದು ಅಂಗೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಇನ್ನೊಂದು ರೊಟ್ಟಿ ತಾಟಿಗೆ ಬೀಳುತ್ತದೆ. ಉಂಡವನು ನಗುತ್ತಾನೆ, ಬಡಿಸಿದಾಕೆಯೂ ನಗುತ್ತಾಳೆ. ಅದೇ ಊರಿನ ಬಾರಿನಲ್ಲಿ ಅದೇ ಮಾತು ಕೇಳಿದಾಗ ಯಾರಿಗೂ ನಗು ಬರುವುದಿಲ್ಲ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕರಲ್ಲಿ ಒಂದು ಊರು. ಹಳೆಯ ಗೆಳೆಯನೊಬ್ಬ ಬಹಳ ವರ್ಷಕ್ಕೆ ಸಿಕ್ಕ. ಅವನು ಕುಡಿಯುತ್ತಾನೆ, ನಾನು ಇಲ್ಲ. ಅವನಿಗೊಂದು ಕ್ವಾರ್ಟರ್, ನನಗೊಂದು ಸೋಡಾ, ನಡುವೆ ಸೇಂಗಾ. ಹತ್ತು ನಿಮಿಷಕ್ಕೊಮ್ಮೆ ಸಪ್ಲಾಯರ್ ಬಂದು ‘ಮತ್ತೇನ್ರಿ ಸರ?’ ಎನ್ನುತ್ತಿದ್ದ. ಗೆಳೆಯ ಕೇಳಿದ ಮಾಲು ಇರಲಿಲ್ಲ, ಅದಕ್ಕಿಂತ ದುಬಾರಿಯದು ಇತ್ತು. ಗ್ಲಾಸಿನ ಅಂಚಿಗೆ ಹಿಂದಿನವರ ಗುರುತು ಹಾಗೇ ಇತ್ತು. ಮುಕ್ಕಾಲು ತಾಸಾದ ಮೇಲೆ ಗಲ್ಲಾದಿಂದಲೇ ಮಾತು ಬಂತು: ‘ಬರೇ ಕುಂದ್ರಂಗಿಲ್ರಿ, ಏನರ ತಗೋಬೇಕ್ರಿ.’ ಲೆಕ್ಕವನ್ನು ಬಾಯಲ್ಲೇ ಹೇಳಿದರು. ಚೀಟಿ ಕೇಳಿದ್ದಕ್ಕೆ ಸಪ್ಲಾಯರ್ ನನ್ನ ಮುಖವನ್ನೇ ನೋಡಿದ, ಕೊಡಲಿಲ್ಲ.

ಸಿಟ್ಟಿನಿಂದ ಹೊರಬಂದೆ. ಆ ಸಿಟ್ಟಿನಲ್ಲಿ ಎಷ್ಟು ಪಾಲು ನ್ಯಾಯ, ಎಷ್ಟು ಪಾಲು ಬರೀ ಮುನಿಸು ಎಂಬ ಪ್ರಶ್ನೆ ಎದ್ದದ್ದು ಮನೆ ಮುಟ್ಟಿದ ಮೇಲೆ.

ಮೊದಲು ಗಿರಾಕಿಯ ಪಕ್ಷ. ಕರ್ನಾಟಕದಲ್ಲಿ ಮದ್ಯದ ಅಂಗಡಿಗಳೆಲ್ಲ ಒಂದೇ ಬಗೆಯವಲ್ಲ. ಸಿ.ಎಲ್. 2 ಲೈಸೆನ್ಸು ಎಂದರೆ ವೈನ್ ಶಾಪ್: ಬಾಟಲಿ ಕೊಂಡು ಹೋಗಬೇಕು, ಅಲ್ಲಿ ಕೂತು ಕುಡಿಯುವಂತಿಲ್ಲ. ಜನರ ಬಾಯಲ್ಲಿ ಅದು ‘ಎಂ.ಆರ್.ಪಿ. ಅಂಗಡಿ’. ಸರಕಾರಿ ಸ್ವಾಮ್ಯದ ಎಂ.ಎಸ್.ಐ.ಎಲ್. ಮಳಿಗೆಯೂ ಇದೇ ಸಾಲಿನದು. ಸಿ.ಎಲ್. 9 ಎಂದರೆ ಬಾರ್, ಅಲ್ಲಿ ಕೂತು ಕುಡಿಯಬಹುದು, ಬೆಲೆಯೂ ಹೆಚ್ಚು. ಹೆಚ್ಚು ಏಕೆ? ನೀರಿನ ಬಾಟಲಿಯ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2017ರ ಡಿಸೆಂಬರ್ 12ರಂದು ಕೊಟ್ಟ ತೀರ್ಪಿನಲ್ಲಿ ಇದಕ್ಕೆ ಉತ್ತರವಿದೆ. ಹೋಟೆಲಿಗೆ ಬಂದವನು ಬರೀ ಬಾಟಲಿ ಕೊಳ್ಳಲು ಬಂದಿರುವುದಿಲ್ಲ, ಅಲ್ಲಿನ ಕುರ್ಚಿ, ವಾತಾವರಣ, ಸೇವೆ ಎಲ್ಲವೂ ವ್ಯವಹಾರದ ಭಾಗ, ಆದ್ದರಿಂದ ಹೋಟೆಲುಗಳು ಎಂ.ಆರ್.ಪಿ.ಗಿಂತ ಹೆಚ್ಚು ಪಡೆಯಬಹುದು ಎಂಬುದು ಅದರ ಸಾರ.

ಈ ತರ್ಕ ಬಾರಿನವರಿಗೆ ಅನುಕೂಲ ಎಂದು ಮೇಲ್ನೋಟಕ್ಕೆ ಕಾಣುತ್ತದೆ. ತಿರುವಿ ನೋಡಿದರೆ ಗಿರಾಕಿಯ ಕೈಗೂ ಅದೇ ಅಸ್ತ್ರ ಬರುತ್ತದೆ. ಹೆಚ್ಚಿನ ದುಡ್ಡು ಸೇವೆಗೆ ಎಂದಾದರೆ, ತೊಳೆಯದ ಗ್ಲಾಸು, ಗದರುವ ಗಲ್ಲಾ, ಸಿಗದ ಚೀಟಿ ಯಾವ ಸೇವೆ? ಕುರ್ಚಿಯ ಬಾಡಿಗೆ ಆ ಮೊದಲ ಕ್ವಾರ್ಟರಿನ ಬೆಲೆಯಲ್ಲೇ ಸೇರಿದೆ. ಅದನ್ನು ಕೊಟ್ಟವನನ್ನು ‘ಏನರ ತಗೋರಿ, ಇಲ್ಲಾ ಏಳ್ರಿ’ ಎಂದರೆ ಒಂದೇ ಕುರ್ಚಿಗೆ ಎರಡು ಬಾಡಿಗೆ ಕೇಳಿದಂತೆ.

ಇನ್ನು ದೂರಿನ ದಾರಿ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಬಾರಿನ ಗಿರಾಕಿಯನ್ನು ಹೊರಗಿಟ್ಟಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ. ಆದರೆ ‘ನಾನು ಬಾರಿನಲ್ಲಿ ಕುಳಿತಿದ್ದಾಗ’ ಎಂದು ಶುರುವಾಗುವ ದೂರಿಗೆ ಸಹಿ ಹಾಕುವ ಗಂಡಸು ಸಣ್ಣ ಊರಿನಲ್ಲಿ ಎಲ್ಲಿದ್ದಾನೆ? ಬಾಳೆಹಣ್ಣು ಕೊಳೆತಿದ್ದರೆ ಬಜಾರದಲ್ಲಿ ನಿಂತು ಜಗಳಾಡುವವನು ಬಾರಿನ ಮೋಸವನ್ನು ನುಂಗಿಕೊಂಡು ಮನೆಗೆ ಹೋಗುತ್ತಾನೆ. ಅವನ ನಾಚಿಕೆಯೇ ಅಲ್ಲಿನ ಬಂಡವಾಳ.

ಈಗ ಗಲ್ಲಾದ ಆಚೆಗೆ ಹೋಗಿ ಕೂರೋಣ. ಅಲ್ಲಿಂದ ಕಾಣುವುದು ಬೇರೆ. ರಾಜ್ಯದ ಯಾವ ಬಾರಿನವನೂ ತನಗೆ ಬೇಕಾದಲ್ಲಿ ಮಾಲು ಕೊಳ್ಳುವಂತಿಲ್ಲ. 2003ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೋದಿಂದಲೇ, ಹಣ ಮೊದಲೇ ಕಟ್ಟಿ ಎತ್ತಬೇಕು. ಲೈಸೆನ್ಸಿನ ವಾರ್ಷಿಕ ಶುಲ್ಕ ವ್ಯಾಪಾರ ಆದರೂ ಕಟ್ಟಬೇಕು, ಆಗದಿದ್ದರೂ ಕಟ್ಟಬೇಕು. 2023ರ ಜುಲೈಯಲ್ಲಿ ಮದ್ಯದ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ. 20ರಷ್ಟು ಏರಿಸಲಾಯಿತು. ಬೆಲೆ ಏರಿದಾಗ ಗಿರಾಕಿ ಬೈದದ್ದು ವಿಧಾನಸೌಧವನ್ನಲ್ಲ, ಎದುರಿಗಿದ್ದ ಸಪ್ಲಾಯರನ್ನು. 2025-26ರ ಬಜೆಟ್ಟು ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಆ ಗುರಿ ಜಿಲ್ಲೆಗೆ, ತಾಲೂಕಿಗೆ ಹರಿದು ಬರುವಾಗ ‘ಈ ತಿಂಗಳು ಇಷ್ಟು ಪೆಟ್ಟಿಗೆ ಎತ್ತಿ’ ಎಂಬ ಒತ್ತಾಯವಾಗುತ್ತದೆ ಎಂಬುದು ಮದ್ಯ ವ್ಯಾಪಾರಿಗಳ ಹಳೆಯ ದೂರು. 2024ರ ನವೆಂಬರ್ 20ರಂದು ರಾಜ್ಯದಾದ್ಯಂತ ಅಂಗಡಿ ಬಂದ್ ಮಾಡುವುದಾಗಿ ಅವರ ಸಂಘ ಹೇಳಿ, ಸರಕಾರದ ಜೊತೆ ಮಾತುಕತೆಯಾದ ಮೇಲೆ ಕೈಬಿಟ್ಟಿತು. ಲಾಭಾಂಶವನ್ನು ಶೇ. 20ಕ್ಕೆ ಏರಿಸಿ ಎಂಬುದು ಆಗಿನ ಬೇಡಿಕೆಗಳಲ್ಲೊಂದು, ಇಲಾಖೆಯ ಲಂಚ ನಿಲ್ಲಿಸಿ ಎಂಬುದು ಇನ್ನೊಂದು.

ಊರೂರಿನ ವ್ಯಾಪಾರದ ಲಯವೂ ಬೇರೆ. ಬೈಲಹೊಂಗಲದಲ್ಲಿ ಹತ್ತಿ, ಕಬ್ಬಿನ ದುಡ್ಡು ರೈತನ ಕೈಗೆ ಬಂದಾಗ ಟೇಬಲ್ಲು ತುಂಬುತ್ತದೆ. ರಾಮದುರ್ಗದ ನೇಕಾರರಿಗೆ ಬಟವಡೆಯ ದಿನ ಬೇರೆ, ಉಳಿದ ದಿನ ಬೇರೆ. ಸವದತ್ತಿಯಲ್ಲಿ ಯಲ್ಲಮ್ಮನ ಹುಣ್ಣಿಮೆಯ ಜನಸಾಗರ ಇಳಿದ ಮೇಲೆ ಬೀದಿ ಬರಿದಾಗುತ್ತದೆ. ಕಿತ್ತೂರು ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿದೆ. ಹೆದ್ದಾರಿಯ 500 ಮೀಟರಿನೊಳಗೆ, ಸಣ್ಣ ಊರುಗಳಲ್ಲಿ 220 ಮೀಟರಿನೊಳಗೆ, ಮದ್ಯ ಮಾರುವಂತಿಲ್ಲ ಎಂದು 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಆದೇಶ ಜಾರಿಗೆ ಬಂದಾಗ ಇಂಥ ಕಡೆಯ ವ್ಯಾಪಾರಿಗಳು ಟೇಪು ಹಿಡಿದು ಅಳೆಯಬೇಕಾಯಿತು. ತುಂಬಿದ ದಿನ ಮೂರು ತಾಸು ಒಂದೇ ಕ್ವಾರ್ಟರಿನ ಮುಂದೆ ಕೂತವನು ಬಾಗಿಲಲ್ಲಿ ಕಾಯುವ ನಾಲ್ವರನ್ನು ತಿರುಗಿ ಕಳಿಸಿದಂತೆಯೇ. ಅವನ ಜೊತೆ ಸೋಡಾ ಹಿಡಿದು ಕೂತ ನಾನೂ ಆ ಲೆಕ್ಕದಲ್ಲಿ ಸೇರುತ್ತೇನೆ.

ಗಿರಾಕಿಗಳೇನು ಸಾಚಾ ಅಲ್ಲ. ‘ಲೇ ಹುಡುಗಾ’ ಎಂದು ಚಿಟಿಕೆ ಹೊಡೆಯುವವರು, ಗ್ಲಾಸು ಒಡೆದು ‘ಬರಕೋ ನನ್ನ ಹೆಸರಿಗೆ’ ಎನ್ನುವವರು, ಉದ್ರಿ ಹೇಳಿ ಆರು ತಿಂಗಳು ಬೇರೆ ಓಣಿ ಹಿಡಿದು ತಿರುಗುವವರು ಎಲ್ಲ ಊರಲ್ಲೂ ಇದ್ದಾರೆ. ನಡುರಾತ್ರಿ ಅವರ ವಾಂತಿ ಬಳಿಯುವ ಸಪ್ಲಾಯರನಿಗೆ ಎಳೆನಗೆ ಬರಬೇಕೆಂದು ಬಯಸುವುದೂ ದುಬಾರಿ ಬಯಕೆ. ಅವನ ಗಳಿಕೆಯಲ್ಲಿ ಟಿಪ್ಸಿನದೂ ಒಂದು ಪಾಲು, ಟೇಬಲ್ಲಿನ ಬಿಲ್ಲು ಬೆಳೆದಷ್ಟೂ ಅವನ ಆಸೆ ಬೆಳೆಯುತ್ತದೆ.

ಎರಡೂ ಕಡೆಯವರನ್ನು ಇಕ್ಕಟ್ಟಿಗೆ ದೂಡಿದ ಇನ್ನೊಂದು ಸಂಗತಿ ಇದೆ. 1992ರಲ್ಲಿ ಸಿ.ಎಲ್. 2 ಮತ್ತು ಸಿ.ಎಲ್. 9ರ ಹೊಸ ಲೈಸೆನ್ಸು ಕೊಡುವುದನ್ನು ಸರಕಾರ ನಿಲ್ಲಿಸಿತು. ಕುಡಿತಕ್ಕೆ ಕಡಿವಾಣ ಹಾಕಲು ಅದು ಬೇಕಾದದ್ದೇ. ಆದರೆ ಹೊಸ ಅಂಗಡಿ ಬಾರದ ಕಡೆ ಇದ್ದವನಿಗೆ ಗಿರಾಕಿಯನ್ನು ಉಳಿಸಿಕೊಳ್ಳುವ ಚಿಂತೆ ಕಡಿಮೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದ ಮೇಲೆ ಪಾಕೀಟಿನ ಗಿರಾಕಿಯೂ ಅಗ್ಗದ ವಿಸ್ಕಿಯ ಕಡೆ ತಿರುಗಿದ. ಬಾಗಿಲು ಅಷ್ಟೇ, ಬರುವವರು ಹೆಚ್ಚು. ‘ಬೇಕಾದ್ರ ಬರ್ರಿ, ಇಲ್ಲಾಂದ್ರ ಬಿಡ್ರಿ’ ಎಂಬ ಗತ್ತು ಅಲ್ಲಿಂದಲೂ ಬಂದಿರಬಹುದು.

ತೂಕಕ್ಕೆ ಹಾಕಿದರೆ ನನಗೆ ಕಾಣುವುದಿಷ್ಟು. ಕುರ್ಚಿಗೆ ಬೆಲೆ ಕೇಳುವುದು ಬಾರಿನವನ ಹಕ್ಕು. ‘ಒಬ್ಬರಿಗೆ ಕನಿಷ್ಠ ಇಷ್ಟು’ ಎಂದು ಬಾಗಿಲಲ್ಲೇ ಬರೆದು ತೂಗುಹಾಕಿದರೆ ನನ್ನಂಥವನು ಓದಿ ಒಳಗೆ ಹೋಗುತ್ತಾನೆ, ಇಲ್ಲವೇ ಗೆಳೆಯನನ್ನು ಚಹಾದಂಗಡಿಗೆ ಎಳೆದೊಯ್ಯುತ್ತಾನೆ. ತಕರಾರಿಗೆ ಜಾಗವಿಲ್ಲ. ಒಮ್ಮೆ ಬಂದು ‘ಮತ್ತೇನ್ರಿ?’ ಎಂದು ಕೇಳುವುದೂ ತಪ್ಪಲ್ಲ. ಆದರೆ ಬೆಲೆಪಟ್ಟಿ ಇಡದಿರುವುದು, ಅಗ್ಗದ್ದನ್ನು ಒಳಗಿಟ್ಟು ‘ಮಾಲಿಲ್ಲ’ ಎನ್ನುವುದು, ಚೀಟಿ ಕೊಡದಿರುವುದು, ಇವಕ್ಕೆ ಯಾವ ಸುಂಕವೂ ಯಾವ ಗುರಿಯೂ ನೆಪವಾಗಲಾರದು. ಚೀಟಿ ಬರೆಯಲು ಖರ್ಚಾಗುವುದು ಒಂದು ಪೆನ್ನು.

ಉಳಿದದ್ದು ಆ ಎರಡನೆಯ, ಮೂರನೆಯ ‘ಇನ್ನೊಂದ್ ಕೊಡ್ಲೇನ್ರಿ’. ಇಲ್ಲಿ ಖಾನಾವಳಿಗೂ ಬಾರಿಗೂ ಇರುವ ಅಂತರ ನನಗೆ ಸ್ಪಷ್ಟವಾಗುತ್ತದೆ. ಊಟದ ರೊಕ್ಕ ಮೊದಲೇ ಗೊತ್ತಾಗಿರುವ ಖಾನಾವಳಿಯಲ್ಲಿ ಇನ್ನೊಂದು ರೊಟ್ಟಿ ಬಡಿಸಿದರೆ ನಷ್ಟ ಬಡಿಸಿದವರಿಗೆ, ಆದ್ದರಿಂದ ಆ ಒತ್ತಾಯ ಉಪಚಾರ. ಬಾರಿನ ಇನ್ನೊಂದರ ರೊಕ್ಕ ಹೋಗುವುದು ಕುಡಿದವನ ಕಿಸೆಯಿಂದ, ಹಲವು ಸಲ ಅವನ ಮನೆಯಾಕೆ ಕಿರಾಣಿಗೆಂದು ಎಣಿಸಿಟ್ಟ ದುಡ್ಡಿನಿಂದ. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದ ಸಾವಿರಾರು ಹೆಣ್ಣುಮಕ್ಕಳು ಬಾರಿನ ಗಿರಾಕಿಗಳಲ್ಲ, ಆದರೆ ಬಿಲ್ಲು ತೆತ್ತವರು. ಮೇಲಾಗಿ ಈ ಮಾಲು ಒಳಗಿಳಿದಷ್ಟೂ ‘ಬೇಡ’ ಎನ್ನುವ ಶಕ್ತಿಯನ್ನೇ ಕರಗಿಸುತ್ತದೆ. ಮೂರನೆಯ ಸಲ ಕೇಳಿದಾಗ ಉತ್ತರ ಕೊಡುವವನು ಮೊದಲ ಸಲ ಉತ್ತರ ಕೊಟ್ಟವನೇ ಆಗಿರುವುದಿಲ್ಲ.

ಅಂದು ಗೆಳೆಯ ಗ್ಲಾಸಿನ ಮೇಲೆ ಅಂಗೈ ಇಟ್ಟು ಎರಡು ಸಲ ‘ಸಾಕು’ ಎಂದಿದ್ದ. ಮೂರನೆಯ ಸಲ ಕೈ ತೆಗೆದ. ಖಾನಾವಳಿಯ ತಾಟಿನ ಮೇಲೆ ಹಿಡಿದ ಅಂಗೈಯನ್ನು ಸರಿಸಿದರೆ ಹೊಟ್ಟೆ ಒಂದಿಷ್ಟು ಭಾರವಾದೀತು, ಅಷ್ಟೇ. ಈ ಅಂಗೈಯನ್ನು ಮಾತ್ರ ಯಾರೂ ಸರಿಸಬಾರದು: ಸಪ್ಲಾಯರನೂ, ಅವನ ಹಿಂದಿನ ಮಾಲಕನೂ, ಮಾಲಕನ ಹಿಂದೆ ಗುರಿ ಹಿಡಿದು ನಿಂತ ಸರಕಾರವೂ.