ಕ್ಯಾಮೆರಾ ಇಲ್ಲವೆಂದು ಕರೆ ನಿಲ್ಲಬೇಕೆ?

ಮಕ್ಕಳೇ, ಕಳೆದ ವರ್ಷ ಒಂದು ಶಾಲೆಗೆ ಹೋಗಿದ್ದೆ. ವಿಜ್ಞಾನಿಯೊಬ್ಬರು ವೀಡಿಯೊ ಕರೆಯಲ್ಲಿ ಮಕ್ಕಳೊಡನೆ ಮಾತನಾಡಲು ಒಪ್ಪಿದ್ದರು. ಆದರೆ ಶಾಲೆಯ ಕಂಪ್ಯೂಟರಿಗೆ ಕ್ಯಾಮೆರಾ ಇರಲಿಲ್ಲ. ‘ಕೊಂಡ ಮೇಲೆ ನೋಡೋಣ’ ಎಂದು ಕಾರ್ಯಕ್ರಮವನ್ನೇ ಮುಂದೂಡಿದರು. ಮಕ್ಕಳು ಬರೆದಿಟ್ಟುಕೊಂಡಿದ್ದ ಪ್ರಶ್ನೆಗಳು ಹಾಗೇ ಉಳಿದವು. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಏಕೆ ಗೊತ್ತೆ? ವೀಡಿಯೊ ಕರೆಯಲ್ಲಿ ನಮ್ಮಿಂದ ಹೋಗುವ ಚಿತ್ರ ಬೇರೆ, ನಮಗೆ ಬರುವ ಚಿತ್ರ ಬೇರೆ. ಕ್ಯಾಮೆರಾ ಬೇಕಾದದ್ದು ಕಳಿಸುವುದಕ್ಕೆ ಮಾತ್ರ. ಅದಿಲ್ಲದಿದ್ದರೂ ವಿಜ್ಞಾನಿ ನಿಮಗೆ ಕಾಣುತ್ತಾರೆ. ಪ್ರಶ್ನೆ ಕೇಳಲು ಒಂದು ಮೈಕ್, ಉತ್ತರ ಕೇಳಿಸಿಕೊಳ್ಳಲು ಸ್ಪೀಕರ್ ಇದ್ದರಾಯಿತು. ಇಂಥ ಕರೆಗಳಲ್ಲಿ ಬಳಕೆಯಾಗುವ, 2012ರಲ್ಲಿ ಮಾನಕವಾದ ‘ಓಪಸ್’ ವಿಧಾನದಲ್ಲಿ ಸ್ಪಷ್ಟ ಮಾತಿಗೆ ಸೆಕೆಂಡಿಗೆ 20–40 ಕಿಲೋಬಿಟ್ ಸಾಕು. ಒಳ್ಳೆಯ ಚಿತ್ರಕ್ಕೆ ಹಲವು ನೂರು ಬೇಕು. ಇಂಟರ್‌ನೆಟ್ ನಿಧಾನವಿರುವ ಊರಿನಲ್ಲಿ ಚಿತ್ರ ಕಳಿಸದಿರುವುದೇ ಲಾಭ!

ಹಾಗಾದರೆ ಯಾವ ಆ್ಯಪ್? ಹಿರಿಯರು ಸ್ಕೈಪ್ ಎನ್ನಬಹುದು. 2003ರಲ್ಲಿ ಶುರುವಾದ ಅದು 2025ರ ಮೇ ತಿಂಗಳಲ್ಲಿ ಮುಚ್ಚಿತು. ಜೂಮ್‌ನಲ್ಲಿ ಉಚಿತ ಸಭೆ 40 ನಿಮಿಷಕ್ಕೆ ಮುಗಿಯುತ್ತದೆ. ಪ್ರಶ್ನೆಗಳಿಗೆ ರಂಗೇರುವುದೇ ಆಗ! ನನ್ನ ಮತ ಜಿಟ್ಸಿ ಮೀಟ್‌ಗೆ. ಕಂಪ್ಯೂಟರಿನ ಬ್ರೌಸರಿನಲ್ಲೇ ತೆರೆಯುತ್ತದೆ. ಕರೆ ಆರಂಭಿಸುವ ಶಿಕ್ಷಕರು ಲಾಗಿನ್ ಆದರೆ ಸಾಕು, ಸೇರುವವರಿಗೆ ಖಾತೆ ಬೇಡ. ಕ್ಯಾಮೆರಾ ಇಲ್ಲದಿದ್ದರೆ ಬರೀ ಮೈಕ್‌ನೊಂದಿಗೆ ಒಳಗೆ ಬಿಡುತ್ತದೆ.

ಒಂದು ಕೊರತೆ ಉಂಟು. ನೀವು ಎತ್ತಿದ ಕೈ ಅವರಿಗೆ ಕಾಣದು. ಆದ್ದರಿಂದ ಪ್ರಶ್ನೆಗೆ ಮೊದಲು ಹೆಸರು ಹೇಳಿ. ನಿಮ್ಮ ಮಾದರಿಯನ್ನು ತೋರಿಸಬೇಕೆಂದಿದ್ದರೆ ಹಿಂದಿನ ದಿನವೇ ಶಿಕ್ಷಕರ ಮೊಬೈಲಿನಿಂದ ಫೋಟೊ ಕಳಿಸಿ.